ಮೂರನೆಯ ಸಾಲಿನ ಪ್ರೇಕ್ಷಕಿ

ಜೂನ್ ೩

ಪ್ರೀತಿಯ ಗುಬ್ಬಿ,

ಪ್ರಯಾಣಿಕರು ದಯವಿಟ್ಟು ಗಮನಿಸಬೇಕು. ನೀನು ಡಿಸೆಂಬರಿನಲ್ಲಿ ಹತ್ತಿಸಿ ಕಳಿಸಿದ ಸಿನಿಮಾ ಜೂನಿನಲ್ಲಿ ನಮ್ಮ ಫಿಲಂ ಕ್ಲಬ್ಬಿಗೆ ಬಂದು ತಲುಪಿತು. ತಡವಾಗಿ ಬಂತು, ನಿಧಾನವಾಗಿ ಓಡಿತು, ಆದರೂ ನಡುವೆ ಯಾರೂ ಇಳಿದು ಹೋಗಲಿಲ್ಲ. ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಆಯುಷ್ಯ ಸವೆಸಿದ ನಾನು ಇಷ್ಟು ಒಳ್ಳೆಯ ಸುದ್ದಿಯನ್ನು ನೌಕರಿಯಲ್ಲಿದ್ದಾಗ ಒಂದು ದಿನವೂ ಓದಿದವನಲ್ಲ.

ಸಿನಿಮಾ ತೆಗೆದವನು ಯಾರೋ ಪರದೇಶದ ಪುಣ್ಯಾತ್ಮ. ಆದರೆ ನಮ್ಮ ಕ್ಲಬ್ಬಿನ ಮಟ್ಟಿಗೆ ಅದರ ಭಾಷೆ ನೀನು, ಬಾಯಿ ನಾನು. ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ: ಪರದೆಯ ಕೆಳಗಿನ ಅಕ್ಷರ ಓದಲು ಸದಸ್ಯರಲ್ಲಿ ಅರ್ಧ ಜನಕ್ಕೆ ಕಣ್ಣು ಸಾಲದು, ಉಳಿದರ್ಧಕ್ಕೆ ತಾಳ್ಮೆ ಸಾಲದು. ಹಾಗಾಗಿ ನಾನು ಹಿಂದಿನ ಗಾಜಿನ ಗೂಡಿನಲ್ಲಿ ಕೂತು, ಮೂಲದ ಧ್ವನಿಯನ್ನು ತಗ್ಗಿಸಿ, ನಿನ್ನ ಅನುವಾದವನ್ನು ಮೈಕಿನಲ್ಲಿ ಓದುವುದು. ಗಂಡಸಿಗೂ ನಾನೇ, ಹೆಂಗಸಿಗೂ ನಾನೇ. ಈ ಸಲ ಒಂದು ಬೆಕ್ಕೂ ಇತ್ತು. ಅದರ ಮಾತನ್ನು ನೀನು ಅನುವಾದಿಸಿರಲಿಲ್ಲವಾದ್ದರಿಂದ ಸ್ವಂತ ಜವಾಬ್ದಾರಿಯ ಮೇಲೆ ಮಿಯಾಂವ್ ಅಂದೆ.

ತಡವಾಗಿ ಬಂದ ಹಲ್ಲಿನ ಡಾಕ್ಟರಿಗೆ ನಮ್ಮ ಕಾರ್ಯದರ್ಶಿ ಕತ್ತಲಲ್ಲಿ ಕಥಾಸಾರ ಒಪ್ಪಿಸುತ್ತಿದ್ದದ್ದು ನನ್ನ ಗೂಡಿಗೂ ಕೇಳಿಸಿತು.

"ಅಣ್ಣ ಪರದೇಶದಲ್ಲಿದ್ದ, ಕಾಗದ ಬರೋದು ನಿಂತ್ಹೋಯ್ತು. ತಮ್ಮ ಹುಡುಕ್ಕೊಂಡು ಹೋಗಿ ಅದೇ ಕೋಣೆ ಬಾಡಿಗೆಗೆ ಹಿಡಿದಿದಾನೆ. ಮನೆಯೊಡತಿ ಇವನನ್ನೇ ಅಣ್ಣನ ಹೆಸರಿಂದ ಕರೀತಾಳೆ."

"ಆಮೇಲೆ?"

"ಆಮೇಲೆ ಏನಿಲ್ಲ. ಈಗ ಮೆಟ್ಟಿಲು ಹತ್ತುತಿದಾನೆ."

"ಯಾವಾಗಿಂದ?"

"ನಾನು ಬಂದಾಗಿಂದ."

ಅಭಿಪ್ರಾಯದ ಚೀಟಿಗಳನ್ನೆಲ್ಲ ಇದರ ಜೊತೆ ಇಟ್ಟಿದ್ದೇನೆ. ಚೀಟಿ ಬರೆದು ಡಬ್ಬಿಗೆ ಹಾಕಿದವರಿಗಷ್ಟೇ ಚಹಾ ಎಂಬ ಹಳೆಯ ಕಾನೂನು ಇನ್ನೂ ಜಾರಿಯಲ್ಲಿರುವುದರಿಂದ ನಮ್ಮ ಊರಿನಲ್ಲಿ ವಿಮರ್ಶೆಗೆ ಬರವಿಲ್ಲ. ಗಣಿತದ ಮೇಷ್ಟ್ರು ಬರೆದಿದ್ದಾರೆ: "ಮೊದಲರ್ಧದಲ್ಲಿ ನಾಯಕ ಮೆಟ್ಟಿಲು ಹತ್ತುತ್ತಾನೆ, ಉಳಿದರ್ಧದಲ್ಲಿ ಇಳಿಯುತ್ತಾನೆ. ಮೊತ್ತ ಸೊನ್ನೆ." ಹಲ್ಲಿನ ಡಾಕ್ಟರು: "ಕೊಲೆ ಮಾಡಿದವನು ತಮ್ಮನೇ. ಅಣ್ಣನ ಕೋಟು ಅವನಿಗೆ ಅಷ್ಟು ಸರಿಯಾಗಿ ಹೊಂದಿತಲ್ಲ." ಕೊಲೆಯೇ ಆಗಿಲ್ಲವಲ್ಲ ಸ್ವಾಮಿ ಎಂದರೆ, ಆಗಿರದಿದ್ದರೆ ನಾನು ಎರಡು ಗಂಟೆ ಕೂತದ್ದೇಕೆ ಎಂದರು. ಔಷಧದಂಗಡಿಯವರದ್ದು ನನಗೆ ಬಹಳ ಹಿಡಿಸಿತು: "ಸಿನಿಮಾ ನೋಡುವಾಗ ನಿದ್ದೆ ಬಂತು. ಮನೆಗೆ ಹೋದರೆ ಬರುವುದಿಲ್ಲ ಎಂದು ಈಗಲೇ ಅನ್ನಿಸುತ್ತಿದೆ." ನಾನು ನನ್ನ ಕಡೆಯಿಂದ "ನಿಧಾನವೇ ಪ್ರಧಾನ ಎಂದು ಕೇಳಿದ್ದೆ, ನಿಧಾನವೇ ನಿಧನ ಎಂದು ಇವತ್ತು ಕಂಡೆ" ಎಂದು ಬರೆದು, ಓದಿ, ಹರಿದು ಹಾಕಿದೆ.

ಆದರೆ ಕೊನೆಯನ್ನು ಮಾತ್ರ ಎಲ್ಲರೂ ಒಂದೇ ಬಾಯಲ್ಲಿ ಹೊಗಳಿದ್ದಾರೆ. ಮೆಟ್ಟಿಲಿನ ಮೇಲಿನ ಫೋನು ಹೊಡೆದುಕೊಳ್ಳುವುದು, ಊರಿನಿಂದ ತಾಯಿ "ದೊಡ್ಡವನಾ, ಚಿಕ್ಕವನಾ" ಎಂದು ಕೇಳುವುದು, ನಮಗೆ ಬೆನ್ನು ಹಾಕಿ ನಿಂತ ಹುಡುಗ ಏನೂ ಹೇಳದೆ ಇರುವುದು. "ಆ ಮೌನಕ್ಕಾಗಿ ಇನ್ನೆರಡು ಗಂಟೆ ಬೇಕಾದರೂ ಮೆಟ್ಟಿಲು ಹತ್ತುತ್ತೇನೆ" ಎಂದು ಒಬ್ಬ ನರ್ಸಮ್ಮ ಬರೆದಿದ್ದಾರೆ.

ನಿನ್ನ ಅಮ್ಮ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಆಪರೇಷನ್ ಆದಮೇಲೆ ಇಷ್ಟು ದೂರ ನಡೆದದ್ದು ಇದೇ ಮೊದಲು. ಹೃದಯವನ್ನು ಬಿಚ್ಚಿ ರಿಪೇರಿ ಮಾಡಿಸಿಕೊಂಡವಳಾದ್ದರಿಂದ ಇಡೀ ಕ್ಲಬ್ಬಿನಲ್ಲಿ ಆಸ್ಪತ್ರೆಯ ಸರ್ಟಿಫಿಕೇಟು ಇರುವ ಸಹೃದಯಿ ಅವಳೊಬ್ಬಳೇ. ಅವಳು ಚೀಟಿ ಬರೆಯಲಿಲ್ಲ, ಚಹಾ ಮಾತ್ರ ಕುಡಿದಳು. ಕೇಳುವ ಧೈರ್ಯ ಕಾರ್ಯದರ್ಶಿಗಿಲ್ಲ, ಅವರ ಎರಡು ಪ್ಯಾಂಟು ಹೊಲಿಗೆಗೆಂದು ಅವಳ ಕೈಯಲ್ಲಿವೆ.

ಇಂತಿ,
ನಿನ್ನ ಅಪ್ಪ, ಮತ್ತು ಬೆಕ್ಕು


ಜೂನ್ ೨೧

ಅಪ್ಪ,

ಚೀಟಿಗಳನ್ನು ಓದಿ ಮೊದಲು ನಕ್ಕೆ. ಊಟದ ಬಿಡುವಿನಲ್ಲಿ ಕೋರ್ಟಿನ ಕಾರಿಡಾರಿನ ಬೆಂಚಿನ ಮೇಲೆ ಕೂತು ಮತ್ತೆ ಓದಿದೆ. ಆಗ ನಗು ಬರಲಿಲ್ಲ.

ಯಾವ ಮೌನ, ಅಪ್ಪ?

ಆ ಸಿನಿಮಾದ ಕೊನೆಯಲ್ಲಿ ಮೌನವಿಲ್ಲ. ತಾಯಿ ಕೇಳುತ್ತಾಳೆ, ಹುಡುಗ ಉತ್ತರ ಕೊಡುತ್ತಾನೆ. "ದೊಡ್ಡವನು ಅಮ್ಮ. ಚೆನ್ನಾಗಿದೀನಿ." ತಮ್ಮ ಅಣ್ಣನಾಗಿ ಮಾತಾಡುತ್ತಾನೆ, ತಾಯಿ ನಂಬುತ್ತಾಳೆ, ಪರದೆ ಕಪ್ಪಾಗುತ್ತದೆ. ಭಯವೆಲ್ಲ ಇರುವುದು ಆ ನಾಲ್ಕು ಮಾತಿನಲ್ಲಿ. ಆ ಸಾಲಿನ ಮೇಲೆ ನಾನು ಒಂದು ವಾರ ಕೂತಿದ್ದೆ, "ಚೆನ್ನಾಗಿದೀನಿ" ಅನ್ನಬೇಕೋ "ಆರಾಮಾಗಿದೀನಿ" ಅನ್ನಬೇಕೋ ಎಂದು. ನೀವು ಅದನ್ನು ಓದಲಿಲ್ಲ. ಓದದಿದ್ದರೂ ಮೂಲದ ಧ್ವನಿಯಾದರೂ ಸಣ್ಣಗೆ ಕೇಳಿಸಬೇಕಿತ್ತು. ಅದೂ ಕೇಳಿಸಿಲ್ಲ ಎಂದರೆ ನೀವು ಗುಂಡಿಯನ್ನು ಪೂರ್ತಿ ತಿರುಗಿಸಿದ್ದೀರಿ.

ನನ್ನ ಕೆಲಸ ನಿಮಗೆ ಗೊತ್ತು. ಕಟಕಟೆಯಲ್ಲಿ ನಿಂತವನು ಅತ್ತರೆ ದುಭಾಷಿ ಅಳುವಂತಿಲ್ಲ. ಅವನು ಜಡ್ಜನ್ನು ಬೈದರೆ ಬೈಗುಳವನ್ನು ಮೆತ್ತಗೆ ಮಾಡುವಂತಿಲ್ಲ. ಇವತ್ತು ಬೆಳಿಗ್ಗೆ ಒಬ್ಬ ತಂದೆಗೆ ಅವನ ಮಗಳ ಮಾತನ್ನು ಹೇಳಬೇಕಾಯಿತು, "ಇವರ ಜೊತೆ ಹೋಗೋದಿಲ್ಲ" ಅಂತ. ಅವನ ಮುಖ ನೋಡಿಕೊಂಡೇ ಹೇಳಿದೆ. ಬೆಕ್ಕನ್ನು ಸೇರಿಸಿದ್ದಕ್ಕೆ ನಿಮಗೆ ಮಾಫಿ ಇದೆ. ಮಗನ ಮಾತನ್ನು ಬಿಟ್ಟದ್ದಕ್ಕೆ ಇಲ್ಲ.

ಆ ಸಿನಿಮಾವನ್ನು ನಾನು ಯಾಕೆ ಅನುವಾದಿಸಿದೆ ಅಂತ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಕೋಣೆ ಹೆಚ್ಚೂಕಡಿಮೆ ಅಣ್ಣನ ಕೋಣೆ. ಅದೇ ಮೂಲೆಯ ಕೈತೊಳೆಯುವ ಬೋಗುಣಿ, ಅದೇ ಮುಚ್ಚದ ಕಿಟಕಿ. ಅಣ್ಣನ ಸಾಮಾನು ತೆಗೆದು ಕೋಣೆ ಖಾಲಿ ಮಾಡಿಕೊಟ್ಟು ಬಂದಮೇಲೆ ನನಗೆ ಅದನ್ನು ಇನ್ನೊಂದಷ್ಟು ದಿನ ನೋಡುತ್ತಿರಬೇಕು ಅನ್ನಿಸಿತ್ತು.

ಮುಖ್ಯ ವಿಷಯಕ್ಕೆ ಬರುತ್ತೇನೆ. ಅಣ್ಣ ತೀರಿಕೊಂಡದ್ದು ಕಳೆದ ಅಕ್ಟೋಬರಿನಲ್ಲಿ. ಅಮ್ಮ ಆಗ ಆಸ್ಪತ್ರೆಯಲ್ಲಿದ್ದಳು, ಎದೆಯ ಹೊಲಿಗೆ ಹಸಿ, ಈಗ ಹೇಳುವುದು ಬೇಡ ಎಂದಿರಿ. ಒಪ್ಪಿದೆ. ಮನೆಗೆ ಬರಲಿ ಎಂದಿರಿ. ಬಂದಳು. ಚಳಿ ಕಳೆಯಲಿ ಎಂದಿರಿ. ಕಳೆಯಿತು. ಈಗ ಕ್ಲಬ್ಬಿನವರೆಗೆ ನಡೆದು ಹೋಗಿ ಸಿನಿಮಾ ನೋಡುತ್ತಾಳೆ, ಅವಳ ಲೆಕ್ಕದಲ್ಲಿ ಮಗ ಇನ್ನೂ ಬೇಕರಿಯ ವ್ಯಾನು ಓಡಿಸಿಕೊಂಡಿದ್ದಾನೆ. ಅವಳು ಫೋನಿನಲ್ಲಿ "ಅಣ್ಣ ಹೇಗಿದಾನೆ" ಅಂದರೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಮನೆಗೆ ಫೋನ್ ಮಾಡುವುದನ್ನೇ ನಿಲ್ಲಿಸಿ, ಕ್ಲಬ್ಬಿನ ವಿಳಾಸಕ್ಕೆ ಕಾಗದ ಬರೆಯುತ್ತಾ ಕೂತಿದ್ದೇನೆ. ಅವಳಿಗೆ ಹೇಳಿ, ಅಪ್ಪ. ಇನ್ನು ಯಾವ ಕಾಲ ಕಳೆಯಬೇಕು?

ಗುಬ್ಬಿ


ಜುಲೈ ೫

ಪ್ರೀತಿಯ ಗುಬ್ಬಿ,

ಮೊದಲು ಆರೋಪಿಯ ಹೇಳಿಕೆ. ಗಂಟಲು ಕಟ್ಟಿತ್ತು. ಎರಡು ಗಂಟೆಯಿಂದ ಐದು ಜನರಾಗಿ ಮಾತಾಡುತ್ತಿದ್ದೆ, ಆರನೆಯದಾಗಿ ಬೆಕ್ಕು ಬೇರೆ. ನೀರಿನ ಲೋಟಕ್ಕೆ ಕೈ ಹಾಕಿದಾಗ ಮೊಣಕೈ ತಗುಲಿ ಗುಂಡಿ ತಿರುಗಿರಬೇಕು. ಈ ಹೇಳಿಕೆಯನ್ನು ನಿನ್ನ ಜಡ್ಜು ಒಪ್ಪುತ್ತಾರೋ ಇಲ್ಲವೋ, ನಮ್ಮ ಕಾರ್ಯದರ್ಶಿ ಒಪ್ಪಿದ್ದಾರೆ.

ಫಜೀತಿ ಏನೆಂದರೆ, ಆ ಮೊಣಕೈ ಈಗ ಊರಿನಲ್ಲಿ ಪ್ರಸಿದ್ಧವಾಗಿದೆ. ಮೌನವನ್ನು ನೋಡಲು (ಮೌನವನ್ನು ನೋಡುವುದು ಹೇಗೆ ಎಂದು ನನ್ನನ್ನು ಕೇಳಬೇಡ) ಪಕ್ಕದ ಊರಿನ ಕ್ಲಬ್ಬಿನವರೂ ಬರುತ್ತಾರಂತೆ. ಸೆಪ್ಟೆಂಬರಿನಲ್ಲಿ ಎರಡನೆಯ ಪ್ರದರ್ಶನ. ಹಲ್ಲಿನ ಡಾಕ್ಟರು ದಿನಕ್ಕೊಂದು ಸಿದ್ಧಾಂತ ಹಿಡಿದುಕೊಂಡು ಬರುತ್ತಾರೆ. ಈ ವಾರದ್ದು: ಅಣ್ಣನೇ ಇಲ್ಲ, ಮೊದಲಿನಿಂದಲೂ ಇದ್ದದ್ದು ಒಬ್ಬನೇ ಮಗ. ಗಣಿತದ ಮೇಷ್ಟ್ರು "ಹಾಗಾದರೆ ತಾಯಿ ಎರಡರ ಲೆಕ್ಕ ಎಲ್ಲಿಂದ ತಂದಳು" ಎಂದು ಕೇಳಿದರೆ, "ತಾಯಂದಿರ ಲೆಕ್ಕ ನಿಮ್ಮ ಪುಸ್ತಕದಲ್ಲಿ ಇರಲ್ಲ ಮೇಷ್ಟ್ರೇ" ಎಂದರು. ಹಲ್ಲು ಕೀಳುವವರು ಒಮ್ಮೊಮ್ಮೆ ಬೇರಿಗೇ ಕೈ ಹಾಕುತ್ತಾರೆ.

ಅಮ್ಮನ ಅಭಿಪ್ರಾಯ ಕೇಳಿದ್ದೀಯಲ್ಲ ಎಂದು ಬರೆಯುತ್ತಿದ್ದೇನೆ. ನೀನು ಕೇಳಿಲ್ಲ, ಆದರೆ ಇವತ್ತಲ್ಲ ನಾಳೆ ಕೇಳುತ್ತೀಯ. ಆ ದಿನ ಮನೆಗೆ ನಡೆದು ಬರುವಾಗ ಸೇತುವೆಯ ಹತ್ತಿರ ದಣಿವಾರಿಸಿಕೊಳ್ಳಲು ನಿಂತಳು.

"ರೀ, ಆ ಹುಡುಗ ಯಾಕೆ ಸುಮ್ಮನಿದ್ದ? ಪಾಪ, ಆಯಮ್ಮ ಕೇಳಿದ್ಲಲ್ಲ."

"ಅದೇ ಕಲೆ ಅಂತಾರೆ ಕಣೇ."

"ಕಲೆ ಆದ್ರೆ ಒಗೆದ್ರೆ ಹೋಗುತ್ತೆ. ಅಲ್ಲಿ ಮಾತೇ ಇರ್ಲಿಲ್ವಾ, ಇಲ್ಲಾ ನೀವು ಓದ್ಲಿಲ್ವಾ?"

ಶ್ಲೇಷೆಯ ಅಂಗಡಿ ಇಟ್ಟವನು ನಾನು, ವ್ಯಾಪಾರ ಮಾಡುವವಳು ಅವಳು. ಸೇತುವೆ ಕೆಳಗೆ ಗೂಡ್ಸ್ ರೈಲು ಹೋಗುತ್ತಿತ್ತು. ಅದು ಪೂರ್ತಿ ಹೋಗುವ ಹೊತ್ತಿಗೆ ಅವಳಿಗೆ ಪ್ರಶ್ನೆ ಮರೆತಿರಬಹುದು ಎಂದುಕೊಂಡೆ.

ಇನ್ನು ನಿನ್ನ ಕೊನೆಯ ಪ್ರಶ್ನೆ. ಹೇಳುತ್ತೇನೆ ಗುಬ್ಬಿ. ಹೇಳುವುದಿಲ್ಲ ಎಂದಿದ್ದೇನೆಯೆ? ಆದರೆ ಅವಳನ್ನು ನೀನೊಮ್ಮೆ ನೋಡಬೇಕು. ಮುಖದಲ್ಲಿ ರಕ್ತ ಬಂದಿದೆ. ಹೊಲಿಗೆಯ ಕೆಲಸ ಮತ್ತೆ ಹಿಡಿದಿದ್ದಾಳೆ. ಭಾನುವಾರ ಫೋನ್ ಬಂದು ಹೋದಮೇಲಂತೂ ಮೆಷಿನ್ನಿನ ಜೊತೆ ಅವಳೂ ಸಂಜೆವರೆಗೆ ಗುನುಗುತ್ತಿರುತ್ತಾಳೆ. ಅದನ್ನು ಕೇಳಿಕೊಂಡು ಕೂತವನಿಗೆ, ಇವತ್ತು ಬೇಡ, ನಾಳೆಯೂ ದಿನವೇ, ಅನ್ನಿಸುತ್ತದೆ. ರೈಲು ತಡವಾದದ್ದಕ್ಕೆ ವಿಷಾದಿಸುತ್ತೇವೆ.

ಇಂತಿ,
ಮೊಣಕೈಯ ಮಾಲೀಕ


ಜುಲೈ ೨೦

ಅಪ್ಪ,

ಭಾನುವಾರ ಯಾರ ಫೋನ್?

ನಾನು ಮಾಡುವುದಿಲ್ಲ. ಚಿಕ್ಕಮ್ಮ ತೀರಿಕೊಂಡಮೇಲೆ ಆ ಮನೆಗೆ ಫೋನ್ ಮಾಡುವವರು ಬೇರೆ ಯಾರೂ ಇಲ್ಲ. ಯಾರು ಫೋನ್ ಮಾಡಿದರೆ ಅಮ್ಮ ಸಂಜೆವರೆಗೆ ಗುನುಗುತ್ತಾಳೆ?

ದಯವಿಟ್ಟು ತಮಾಷೆ ಮಾಡದೆ ಉತ್ತರ ಬರೆಯಿರಿ.

ಗುಬ್ಬಿ


ಆಗಸ್ಟ್ ೨

ಗುಬ್ಬಿ,

ಈ ಕಾಗದವನ್ನು ಹಲವು ಸಲ ಶುರು ಮಾಡಿದೆ. ಪ್ರತಿ ಸಲವೂ ಮೊದಲ ವಾಕ್ಯದಲ್ಲೇ ಒಂದು ಜೋಕು ಬಂದು ಕೂತುಬಿಡುತ್ತಿತ್ತು. ಎಬ್ಬಿಸಿ ಕಳಿಸಿದ್ದೇನೆ.

ಫೋನ್ ಮಾಡುವುದು ನಾನು.

ಜನವರಿಯಲ್ಲಿ ಒಂದು ದಿನ ಔಷಧಿ ಕುಡಿಸುತ್ತಿದ್ದಾಗ ನಿನ್ನ ಅಮ್ಮ ಕೇಳಿದಳು: "ರೀ, ದೊರೆ ನನ್ನ ಮೇಲೆ ಕೋಪ ಮಾಡ್ಕೊಂಡಿದಾನಾ?" ಆಪರೇಷನ್ನಿಗೆ ರಜೆ ಸಿಗಲಿಲ್ಲ ಎಂದು ನಿನ್ನ ಅಣ್ಣ ಹೇಳಿದಾಗ ಅವಳು ಫೋನಿನಲ್ಲಿ ರೇಗಿದ್ದಳಂತೆ, ನಾನು ಸತ್ತಮೇಲೆ ಬಾ ಎಂದಿದ್ದಳಂತೆ. ಅದಾದಮೇಲೆ ಅವನ ಫೋನ್ ಬಂದಿಲ್ಲ. ನಾನು ಅವನು ಊರೂರು ತಿರುಗುವ ಕೆಲಸದಲ್ಲಿದ್ದಾನೆ ಎಂದು ಏನೇನೋ ಹೇಳಿಕೊಂಡು ಬಂದಿದ್ದೆ. ಅವಳು ಅದನ್ನೆಲ್ಲ ಕೇಳಿ ತನ್ನದೇ ಒಂದು ಕಾರಣ ಹೊಲಿದುಕೊಂಡಿದ್ದಳು. ಹೋದ ಮಗನ ಕೋಪ ಇಳಿದಿದೆ ಎಂದು ತಾಯಿಗೆ ಹೇಗೆ ನಂಬಿಸುವುದು, ನೀನೇ ಹೇಳು.

ಆ ದಿನಗಳಲ್ಲಿ ನಿನ್ನ ಅನುವಾದವನ್ನು ಕೋಣೆಯಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. ಕೊನೆಯ ಪುಟದ ಆ ಸಾಲಿಗೆ ಬಂದೆ. ಹುಡುಗನ ವಯಸ್ಸಿಗೆ ತಕ್ಕ ಹಾಗೆ ಧ್ವನಿ ಸ್ವಲ್ಪ ಏರಿಸಿ ಓದಿದೆ. ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದಾಯಿತು. "ಯಾರ್ರೀ ಅದು?" ಅಂದಳು. ಅವನ ಧ್ವನಿ ನನ್ನದೇ ಅಲ್ಲವೆ, ನಡುವೆ ವಯಸ್ಸೊಂದೇ ಅಡ್ಡ. ನಾನು ಅದುವರೆಗೆ ಗಮನಿಸಿರಲಿಲ್ಲ.

ಮುಂದಿನ ಭಾನುವಾರ ಔಷಧದಂಗಡಿಯ ಒಳಕೋಣೆಯಿಂದ ಫೋನ್ ಮಾಡಿದೆ. ಅಂಗಡಿಯವರಿಗೆ ಗೊತ್ತು. ನನ್ನನ್ನು ಒಳಗೆ ಬಿಟ್ಟು ಬಾಗಿಲು ಮುಂದೆ ಮಾಡಿ ಗಿರಾಕಿಗಳ ಹತ್ತಿರ ಎಂದಿಗಿಂತ ಜೋರಾಗಿ ಮಾತಾಡುತ್ತಾರೆ. ನಾನು ನಿನ್ನ ಸಾಲನ್ನೇ ಹೇಳಿದೆ. "ದೊಡ್ಡವನು ಅಮ್ಮ. ಚೆನ್ನಾಗಿದೀನಿ." ಕೋಪ ಇಲ್ಲ ಎಂದೆ. ಅವಳು ಅತ್ತಳು, ಆಮೇಲೆ ಬೈದಳು, ಆಮೇಲೆ ಊಟ ಸರಿಯಾಗಿ ಮಾಡ್ತೀಯೇನೋ ಎಂದಳು. ಅದೊಂದೇ ಸಲ ಎಂದುಕೊಂಡಿದ್ದೆ. ಮನೆಗೆ ಬಂದರೆ ಬಾಗಿಲಲ್ಲೇ ನಿಂತಿದ್ದಳು: "ಎಲ್ಲಿಗೆ ಹೋಗಿದ್ರಿ ನೀವು, ಈಗಷ್ಟೇ ದೊರೆ ಫೋನ್ ಮಾಡಿದ್ದ, ನಿಮ್ಮನ್ನೂ ಕೇಳ್ದ."

ಈಗ ಅವನಿಗೆ ನನಗಿಂತ ಹೆಚ್ಚು ವಿಷಯ ಗೊತ್ತಿದೆ. ನನಗೆ ಹೇಳದ್ದನ್ನು ಅವನಿಗೆ ಹೇಳುತ್ತಾಳೆ. ರಾತ್ರಿ ಎದೆ ಹಿಡಿದುಕೊಳ್ಳುತ್ತದೆ ಎಂಬುದು ನನಗೆ ಗೊತ್ತಾದದ್ದು ಅವನಿಂದ. "ನಿಮ್ಮಪ್ಪ ಈಚೆಗೆ ಜೋಕು ಮಾಡಿ ತಾವೊಬ್ರೇ ನಗ್ತಾರೆ ಕಣೋ, ನೋಡಕ್ಕಾಗಲ್ಲ" ಎಂದು ನನ್ನ ಬಗ್ಗೆ ದೂರು ಹೇಳುತ್ತಾಳೆ. ನಾನು ಅಪ್ಪನ ಪರ ವಹಿಸಿ ಮಾತಾಡುತ್ತೇನೆ. ಹೋದ ತಿಂಗಳು ಅಂಗಿ ಹೊಲಿದು ಕಳಿಸುತ್ತೇನೆ, ಕುತ್ತಿಗೆಯ ಅಳತೆ ಬದಲಾಗಿದ್ದರೆ ಹೇಳು ಎಂದಳು. ನನಗೆ ಅವನ ಅಳತೆ ಏನು ಗೊತ್ತು. ಬಾಯಿಗೆ ಬಂದದ್ದು ನನ್ನದೇ, ಹೇಳಿಬಿಟ್ಟೆ. ಆ ಅಂಕಿಯನ್ನೇ ಇನ್ನೊಂದು ಸಲ ಹೇಳಿಕೊಂಡು "ದಪ್ಪ ಆಗಿದೀಯ" ಎಂದಳು.

ಆ ದಿನ ಗೂಡಿನಿಂದ ಅವಳ ತಲೆ ಕಾಣಿಸುತ್ತಿತ್ತು, ಮೂರನೆಯ ಸಾಲಿನಲ್ಲಿ. ಕೊನೆಯ ಮಾತನ್ನು ಬೇರೆ ಧ್ವನಿಯಲ್ಲಿ ಓದಲು ನೋಡಿದೆ. ಆ ಸಾಲಿಗೆ ನನ್ನಲ್ಲಿ ಬೇರೆ ಧ್ವನಿ ಉಳಿದಿಲ್ಲ. ಅದಕ್ಕೇ ಗುಂಡಿ ತಿರುಗಿಸಿದೆ.

ಅಪ್ಪ


ಆಗಸ್ಟ್ ೧೯

ಅಪ್ಪ,

ನಿಮ್ಮ ಕಾಗದ ಬಂದು ವಾರವಾಯಿತು. ಕೋಪ ಬರಲಿ ಎಂದು ಕಾದೆ. ಬಂದರೆ ಬರೆಯುವುದು ಸುಲಭವಾಗುತ್ತಿತ್ತು.

ನನ್ನ ಸಾಲು ಅಲ್ಲಿಗೆ ಹೋಗಿ ಸೇರುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಆ ಹುಡುಗನ ಬಗ್ಗೆ ನಿಮ್ಮ ಹಲ್ಲಿನ ಡಾಕ್ಟರು ಏನು ಬೇಕಾದರೂ ಹೇಳಲಿ. ಅವನು ಕೊಲೆಗಾರನಲ್ಲ. ತಾಯಿಗೆ ಒಂದು ಮಾತು ಹೇಳಲಾರದೆ ಸಿಕ್ಕಿಹಾಕಿಕೊಂಡವನು ಅಷ್ಟೆ. ಆದರೆ ಸಿನಿಮಾಕ್ಕೆ ಅಲ್ಲಿಗೆ ಮುಗಿದರೆ ನಡೆಯುತ್ತದೆ, ಮುಂದಿನ ಭಾನುವಾರ ಅವನು ಏನು ಮಾಡಿದ ಎಂದು ತೋರಿಸಬೇಕಾಗಿಲ್ಲ. ನಿಮಗೆ ಪ್ರತಿ ವಾರ ಭಾನುವಾರ ಬರುತ್ತದೆ.

ನೀವು ಅವಳಿಂದ ಮಗ ಹೋದ ಸುದ್ದಿಯನ್ನಷ್ಟೇ ಮುಚ್ಚಿಟ್ಟಿಲ್ಲ ಅಪ್ಪ. ಅವಳು ಅವನಿಗಾಗಿ ಅಳುವುದನ್ನೂ ತಡೆದು ನಿಲ್ಲಿಸಿದ್ದೀರಿ. ನಾನು ಇಲ್ಲಿ ಒಬ್ಬಳೇ ಅಳುತ್ತಿದ್ದೇನೆ, ನೀವು ಅಲ್ಲಿ ಔಷಧದಂಗಡಿಯಲ್ಲಿ ಒಬ್ಬರೇ. ಅವಳಿಗೂ ಪಾಲಿದೆ. ನಮಗಿಂತ ಹೆಚ್ಚಿದೆ.

ಇನ್ನು ಫೋನ್ ಮಾಡಬೇಡಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ, ಎರಡನೆಯ ಪ್ರದರ್ಶನದಲ್ಲಿ ಆ ಸಾಲನ್ನು ಓದಿ. ಯಾವ ಧ್ವನಿ ಬರುತ್ತದೋ ಅದರಲ್ಲಿ. ಅದೂ ಆಗದಿದ್ದರೆ ತಿಳಿಸಿ, ನಾನೇ ಅಮ್ಮನಿಗೆ ಬರೆಯುತ್ತೇನೆ.

<s>ಒಂದು ಸಲ ನನಗೂ ಆ ಧ್ವನಿಯಲ್ಲಿ ಫೋನ್</s>

ಮೇಲಿನ ಸಾಲನ್ನು ಹೊಡೆದು ಹಾಕಿದ್ದೇನೆ. ಓದಬೇಡಿ.

ಗುಬ್ಬಿ


ಸೆಪ್ಟೆಂಬರ್ ೧೭

ಗುಬ್ಬಿಗೆ ಅಮ್ಮನ ಆಶೀರ್ವಾದ.

ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ. ಅಕ್ಷರ ಸೊಟ್ಟ ಇದೆ, ಹೊಂದಿಸಿಕೊಂಡು ಓದು. ಸಿನಿಮಾ ನೋಡಿದವರೆಲ್ಲ ನಿನಗೆ ಅಭಿಪ್ರಾಯ ಕಳಿಸಿದ್ದಾರಂತೆ, ನನ್ನದೊಂದು ಬಾಕಿ ಇದೆ ಎಂದು ಕಾರ್ಯದರ್ಶಿ ಹೇಳಿದರು. ಅವರಿಗೆ ಚಹಾದ ಚಿಂತೆ.

ಭಾನುವಾರ ಎರಡನೆಯ ಸಲ ತೋರಿಸಿದರು. ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ನಾನು ನನ್ನ ಜಾಗದಲ್ಲೇ ಕೂತೆ. ಆ ಹುಡುಗ ಮೆಟ್ಟಿಲು ಹತ್ತಿದ, ಇಳಿದ, ಅಣ್ಣನ ಕೋಟು ಹಾಕಿಕೊಂಡ. ತೋಳು ಉದ್ದ ಇತ್ತು, ಆ ಹಲ್ಲಿನ ಡಾಕ್ಟರು ಸರಿಯಾಗಿ ನೋಡಿಲ್ಲ. ಕೊನೆಗೆ ಫೋನ್ ಬಂತು. ಆ ತಾಯಿಯ ಮಾತನ್ನು ನಿಮ್ಮಪ್ಪ ಓದಿದರು. ಆಮೇಲೆ ಎಲ್ಲರೂ ಮೌನ ಬರುತ್ತದೆ ಎಂದು ಕಾದು ಕೂತರು.

ನಿಮ್ಮಪ್ಪ ಹೇಳಿದರು. ನಮ್ಮ ದೊರೆಯ ಧ್ವನಿಯಲ್ಲೇ ಹೇಳಿದರು.

ದೀಪ ಹಾಕಿದಮೇಲೆ ಜನಕ್ಕೆಲ್ಲ ಬೇಸರ. ಹೋದ ಸಲ ಸುಮ್ಮನಿದ್ದದ್ದೇ ಚೆನ್ನಾಗಿತ್ತು, ಈ ಸಲ ಮಾತಾಡಿ ಕೆಡಿಸಿಬಿಟ್ಟರು ಎಂದು ನನ್ನ ಹಿಂದೆ ಕೂತವರು ಬರೆಯುತ್ತಿದ್ದರು. ನಾನು ಎದ್ದು ಹಿಂದಿನ ಗೂಡಿಗೆ ಹೋದೆ. ಮೈಕಿನ ಮುಂದೆ ಹಾಗೇ ಕೂತಿದ್ದರು. ನಾನು "ಯಾವಾಗ್ರೀ?" ಅಂದೆ. ಓದಿದ ಹಾಳೆಗಳನ್ನು ಜೋಡಿಸತೊಡಗಿದರು. ಇನ್ನೊಂದು ಸಲ ಕೇಳಿದೆ. ಮೈಕು ಆರಿಸಿರಲಿಲ್ಲವಂತೆ, ಹೊರಗೆ ಚಹಾ ಕುಡಿಯುತ್ತಿದ್ದವರಿಗೆಲ್ಲ ಕೇಳಿಸಿ, ಸಿನಿಮಾ ಇನ್ನೂ ಇದೆ ಎಂದು ನಾಲ್ಕು ಜನ ಲೋಟ ಹಿಡಿದುಕೊಂಡೇ ಒಳಗೆ ಬಂದರು. ಆ ಔಷಧದಂಗಡಿಯವರು ಅವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಗೊತ್ತಿತ್ತಾ ಎಂದು ನೀನು ಕೇಳುತ್ತೀಯ. ಏನು ಹೇಳಲಿ. ದೊರೆಯ ಕುತ್ತಿಗೆ ನನಗೆ ಗೊತ್ತಿಲ್ಲವೇ, ಹತ್ತಾರು ಅಂಗಿ ಹೊಲಿದಿದ್ದೇನೆ. ನಿಮ್ಮಪ್ಪನದೂ ಗೊತ್ತು. ಅಳತೆ ಹೇಳಿದ ದಿನ ಫೋನ್ ಇಟ್ಟಮೇಲೆ ಟೇಪು ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ. ಆದರೂ ಮುಂದಿನ ಭಾನುವಾರ ಫೋನ್ ಬಂದಾಗ ಎತ್ತಿಕೊಂಡೆ. ಗೊತ್ತಿತ್ತು ಅನ್ನಲಾರೆ. ಗೊತ್ತಾಗಬಾರದು ಎಂದು ಕೂತಿದ್ದೆ. ಫೋನ್ ಬರುವುದು ನಿಂತರೆ ಅವನೂ ನಿಂತುಹೋಗುತ್ತಾನೆ ಎಂದಿತ್ತು ನನಗೆ.

ನಿಮ್ಮಪ್ಪನ ಮೇಲೆ ಕೋಪವಿಲ್ಲ ಎಂದರೆ ಸುಳ್ಳು. ಎರಡು ದಿನ ಅಡುಗೆ ಮಾಡಿಟ್ಟೆ, ಮಾತಾಡಲಿಲ್ಲ. ನಿನ್ನೆ ಅವರು ಊಟ ಮಾಡದೆ ಎದ್ದರು. ಆಗ "ಕೂತ್ಕೊಳ್ಳಿ, ಇನ್ನೊಬ್ರನ್ನ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ" ಅಂದೆ. ಕೂತುಕೊಂಡರು. ಇಬ್ಬರೂ ಅತ್ತೆವು. ಏನಾಯಿತು ಎಂದು ಕೇಳಿದರೆ ಅರ್ಧಕ್ಕೇ ನಿಲ್ಲಿಸುತ್ತಾರೆ, ನಾನು ನೋಡಲಿಲ್ಲ ಕಣೇ, ನೋಡಿದವಳು ಗುಬ್ಬಿ ಎನ್ನುತ್ತಾರೆ.

ಅದಕ್ಕೇ ಈ ಕಾಗದ. ಅವನು ಎಲ್ಲಿ ಮಲಗಿದ್ದ, ಹೇಗಿದ್ದ, ಜೊತೆಯಲ್ಲಿ ಯಾರಿದ್ದರು, ನಾನು ರೇಗಿದ್ದನ್ನು ನಿನ್ನ ಹತ್ತಿರ ಹೇಳಿದ್ದನಾ, ಎಲ್ಲ ಬರೆದು ಕಳಿಸು. ನನ್ನ ಎದೆ ಗಟ್ಟಿಯಾಗಿದೆ, ಡಾಕ್ಟರೇ ಹೇಳಿದ್ದಾರೆ.

ಅಮ್ಮ


ಅಕ್ಟೋಬರ್ ೨

ಅಮ್ಮ,

ರಜೆ ಬರೆದುಕೊಟ್ಟಿದ್ದೇನೆ, ತಿಂಗಳ ಕೊನೆಗೆ ಬರುತ್ತೇನೆ. ಆದರೆ ನೀನು ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಮಂಗಳವಾರ. ಅಣ್ಣ ಬೆಳಗಿನ ಪಾಳಿ ಮುಗಿಸಿ, ಬ್ರೆಡ್ಡೆಲ್ಲ ಅಂಗಡಿಗಳಿಗೆ ಹಾಕಿ, ವ್ಯಾನು ಬೇಕರಿಯಲ್ಲಿ ಬಿಟ್ಟು ಕೋಣೆಗೆ ಬಂದಿದ್ದ. ಮೆಟ್ಟಿಲ ಹತ್ತಿರ ಮನೆಯೊಡತಿ ಸಿಕ್ಕಿದಾಗ ತಲೆನೋವು, ಸ್ವಲ್ಪ ಮಲಗುತ್ತೇನೆ ಎಂದನಂತೆ. ಮಧ್ಯಾಹ್ನ ಇನ್ನೊಬ್ಬ ಡ್ರೈವರು ಕರೆಯಲು ಬಂದ. ಬಾಗಿಲು ತೆರೆಯಲಿಲ್ಲ. ಒಡತಿಯ ಹತ್ತಿರ ಇನ್ನೊಂದು ಬೀಗದ ಕೈ ಇತ್ತು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಡಾಕ್ಟರು ಅವನಿಗೆ ಗೊತ್ತೇ ಆಗಿರಲಿಕ್ಕಿಲ್ಲ ಎಂದರು. ಅದು ನಿಜವೋ, ನಾನು ತಂಗಿಯೆಂದು ಹೇಳಿದ್ದೋ, ನನಗೆ ಗೊತ್ತಿಲ್ಲ.

ಜೊತೆಯಲ್ಲಿ ಯಾರೂ ಇರಲಿಲ್ಲ ಅಮ್ಮ. ಒಬ್ಬನೇ ಇದ್ದ. ಇದನ್ನು ಬೇರೆ ಥರ ಬರೆಯಲು ಸಾಧ್ಯವೇ ಎಂದು ನೋಡಿದೆ, ಇಲ್ಲ.

ನಾನು ಸಂಜೆಯ ರೈಲಿಗೆ ಅಲ್ಲಿಗೆ ಹೋದೆ. ಬಲಗಡೆಗೆ ಹೊರಳಿ, ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗಿದ್ದಹಾಗೇ ಇದ್ದ. ಮುಖ ಸುಮ್ಮನಿತ್ತು. ಕೂದಲು ಕತ್ತರಿಸಿಕೊಳ್ಳಬೇಕಿತ್ತು. ನಾನು ಅವನ ಹಣೆ ಮುಟ್ಟಿದೆ, ನಿನ್ನ ಲೆಕ್ಕಕ್ಕೂ ಒಂದು ಸಲ ಮುಟ್ಟಿದೆ.

ನೀನು ರೇಗಿದ್ದನ್ನು ಹೇಳಿದ್ದ. ಹಿಂದಿನ ಭಾನುವಾರ ನನಗೆ ಫೋನ್ ಮಾಡಿ, "ಅಮ್ಮ ಚೆನ್ನಾಗಿ ಬೈದ್ಲು ಕಣೆ, ಸತ್ತಮೇಲೆ ಬಾ ಅಂದ್ಲು. ಆ ಥರ ಬೈತಾಳೆ ಅಂದ್ರೆ ಇನ್ನೂ ಗಟ್ಟಿ ಇದಾಳೆ" ಎಂದು ನಗುತ್ತಿದ್ದ. ಕೋಪವಿರಲಿಲ್ಲ. ಬೇರೊಬ್ಬನ ಪಾಳಿ ತಾನು ಮಾಡಿಕೊಟ್ಟು ರಜೆ ಕೂಡಿಸುತ್ತಿದ್ದ, ನವೆಂಬರಿಗೆ ನಿನ್ನನ್ನು ನೋಡಲು ಬರಬೇಕೆಂದಿದ್ದ. ಬರುತ್ತೇನೆಂದು ನಿನಗೆ ಮೊದಲೇ ಹೇಳಬೇಡ ಎಂದಿದ್ದ.

ಮಲಗುವ ಮೊದಲು ಎರಡು ಜೊತೆ ಕಾಲುಚೀಲ ಒಗೆದು ಕಿಟಕಿಯ ಸರಳಿಗೆ ಹಾಕಿದ್ದ. ನಾನು ಹೋದಾಗ ಅವು ಇನ್ನೂ ಒದ್ದೆಯಾಗಿದ್ದವು. ಅವನನ್ನು ಕರೆದುಕೊಂಡು ಹೋದಮೇಲೆ ಒಡತಿ ಬಂದು, ಇನ್ನು ನೀನೂ ನಡಿ ಮಗಳೇ, ಬೀಗ ಹಾಕ್ತೀನಿ ಅಂದರು. ಒಣಗುವವರೆಗೆ ಇರುತ್ತೇನೆ ಎಂದೆ. ಅವರು ಕುರ್ಚಿ ತಂದುಕೊಟ್ಟರು. ಬೆಳಗಾಗುವವರೆಗೂ ಒಣಗಲಿಲ್ಲ ಅಮ್ಮ, ಅಲ್ಲಿ ಚಳಿ ಜಾಸ್ತಿ.

ನಿನ್ನ
ಗುಬ್ಬಿ